ಸೀಟಿನ ಹಿಂದಿನ ರೊಟ್ಟಿ ಗಂಟು

ದೊಡವಾಡದ ನೀಲಪ್ಪನಿಗೆ ಹಾಡು ಕೇಳುವ ಚಟವೇ ಇರಲಿಲ್ಲ. ಮೊದಲು ಟ್ರ್ಯಾಕ್ಟರ್, ಆಮೇಲೆ ಹಾಲಿನ ಟೆಂಪೊ, ಈಗ ಸ್ವಂತದ ಪಿಕಪ್ ಅಂತ ಅರ್ಧ ಆಯುಷ್ಯ ಸ್ಟೇರಿಂಗಿನ ಹಿಂದೆ ಕಳೆದವನಿಗೆ ಎಂಜಿನ್ನಿನ ಸಪ್ಪಳವೇ ಸಾಕಾಗಿತ್ತು. ಮನೆಯಲ್ಲಿ ಹೆಂಡತಿ ಟಿವಿ ಹಚ್ಚಿದರೆ ಎದ್ದು ಬಂದು ಗಾಡಿಯಲ್ಲಿ ಕೂಡುವ ಆಸಾಮಿ. ಅಂಥವನು ಬೈಲಹೊಂಗಲಕ್ಕೆ ಹೋಗಿ, ಬಡಿಗೇರ ಬಸವಣ್ಣೆಪ್ಪನ ಮುಂದೆ ನಿಂತು, ಸೀಟಿನ ಹಿಂದೆ ಕೂಡುವಂಥ, ಹಾಡು ಗುದ್ದುವ ಸ್ಪೀಕರಿನ ಬೇಸ್ ಪೆಟ್ಟಿಗೆ ಮಾಡಿಕೊಡು ಅಂದ.

ಕಾರಣ ಸಿದ್ದಲಿಂಗವ್ವ. ಕಳೆ ತೆಗೆಯುವ ಹೆಂಗಸರ ಗುಂಪಿಗೆ ಆಕೆ ಹಿರಿಯಾಳು. ಗಾಡಿಯ ಬಾಡಿಗೆ ಕೊಡುವವನು ಹೊಲದ ಮಾಲೀಕನೇ, ಆದರೆ ಯಾವ ಗಾಡಿ ಹತ್ತಬೇಕು ಅನ್ನುವುದು ಆಕೆಯ ಮಾತು. ಆಕೆ ಹತ್ತದ ಗಾಡಿಯನ್ನು ಉಳಿದವರು ತಿರುಗಿಯೂ ನೋಡುವುದಿಲ್ಲ. ವರ್ಷಗಟ್ಟಲೆ ನೀಲಪ್ಪನ ಗಾಡಿ ಹತ್ತಿದ ಗುಂಪು ಈ ಮುಂಗಾರಿನಲ್ಲಿ ಒಂದು ಮುಂಜಾನೆ ಸುಭಾಸನ ಗಾಡಿ ಹತ್ತಿ ಕೂತುಬಿಟ್ಟಿತು. ಸುಭಾಸ ಬಾಗಿಲಿಗೆ ಎರಡು ಸಣ್ಣ ಸ್ಪೀಕರ್ ಕೂಡ್ರಿಸಿದ್ದ, ಅಷ್ಟೇ.

ಯಾಕವ್ವಾ ಹಿಂಗ ಅಂತ ನೀಲಪ್ಪ ಕೇಳಿದ್ದಕ್ಕೆ ಸಿದ್ದಲಿಂಗವ್ವ ಎಲೆ ಅಡಿಕೆ ಒಂದು ಗಲ್ಲಕ್ಕೆ ಸರಿಸಿಕೊಂಡು ಹೇಳಿದಳು: "ನಿನ್ನ ಗಾಡ್ಯಾಗ ಹೆಣದಂಗ ಹೋಗಬೇಕು ನೀಲಪ್ಪ. ಹೆಣದ ಮುಂದರ ಹಲಗಿ ಬಡೀತಾರ."

ಗಾಡಿ ಮನೆ ಮುಂದೆ ನಿಂತಿತು. ಅದರ ಕೆಳಗೆ ಕೋಳಿ ತತ್ತಿ ಇಡತೊಡಗಿದವು. ಕಳೆ ದಿನಗಳು ಹೀಗೇ ಹೋದರೆ ವರ್ಷವೇ ಹೋದಂತೆ. ಸುಭಾಸನದು ಸಣ್ಣದಾದರೆ ತನ್ನದು ದೊಡ್ಡದಿರಲಿ ಅಂತ ನೀಲಪ್ಪ ಹೊರಟ.

ಬಸವಣ್ಣೆಪ್ಪ ಬಾಗಿಲು, ತೊಟ್ಟಿಲು ಮಾಡಿದ ಕೈಯವನು. ಸೀಟು ಬಿಚ್ಚಿಸಿ, ಹಿಂದಿನ ಸಂದಿಯನ್ನು ಗೇಣಿನಿಂದ ಅಳೆದ. ತಗಡು ಓರೆ ಇದೆ, ಪೆಟ್ಟಿಗೆಯ ಬೆನ್ನೂ ಓರೆ ಆಗಬೇಕು ಅಂದ. ಪ್ಲೈವುಡ್ ಕೊಯ್ದ, ಗಾಳಿ ಸೋರದಂತೆ ಸಂದಿಗೆಲ್ಲ ಅಂಟು, ಕಟಗಿ ಹುಡಿ ಮೆತ್ತಿದ, ಸ್ಪೀಕರ್ ಕೂಡ್ರಿಸಿ ಹಿಂದಿನ ತಗಡಿಗೆ ಬೋಲ್ಟ್ ಹಾಕಿ ಬಿಗಿದ. ಇಲ್ಲಿ ಮೊದಲು ಏನಿಡುತ್ತಿದ್ದಿ ಅಂತ ಕೇಳಿದ. ಹೆಂಗಸರ ರೊಟ್ಟಿ ಗಂಟು ಅಂದ ನೀಲಪ್ಪ. ಗಾಡಿಯ ಹಿಂಬದಿಗೆ ಇಟ್ಟರೆ ಕಾಲಿಗೆ, ಕಳೆ ತೆಗೆಯುವ ಕುರಪಿಗೆ ಸಿಕ್ಕು ಹಾಳಾಗುತ್ತವೆ ಅಂತ ಮೊದಲಿಂದಲೂ ಗಂಟುಗಳನ್ನೆಲ್ಲ ಅವನೇ ಇಸಿದುಕೊಂಡು ಸೀಟಿನ ಹಿಂದೆ ಒಟ್ಟುತ್ತಿದ್ದ.

"ಇನ್ನ ಎಲ್ಲಿಡತಿ?"

"ಪೆಟಗಿ ಮ್ಯಾಲ."

ಇಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಪೆಟ್ಟಿಗೆಯ ಸುದ್ದಿ ಹಬ್ಬಿ ಮರುದಿನವೇ ಗುಂಪು ತಿರುಗಿ ಬಂತು. ಹೊಲದ ಮಾಲೀಕ ನಿಜಗುಣಪ್ಪ ಸಾವ್ಕಾರರು ರೂಢಿಯಂತೆ ಮುಂದೆ ನೀಲಪ್ಪನ ಬದಿಗೆ ಕೂತರು. ಪೆಟ್ಟಿಗೆ ಗುದ್ದತೊಡಗಿತು. ಕನ್ನಡಿ ನಡುಗಿತು, ಸಾವ್ಕಾರರ ಗಲ್ಲ ನಡುಗಿತು, ಓಣಿಯ ನಾಯಿ ಒಂದೂ ಬೊಗಳಲಿಲ್ಲ. ಇನ್ನೂ ಜೋರು ಮಾಡು ಅಂತ ಸಿದ್ದಲಿಂಗವ್ವ ಹಿಂದಿನಿಂದ ತಗಡು ಬಡಿದಳು. ಬೆಳವಡಿ ದಾರಿ ಮುಗಿಯುವ ತನಕ ನೀಲಪ್ಪ ಹಲ್ಲು ಕಚ್ಚಿಕೊಂಡೇ ಗಾಡಿ ಹೊಡೆದ.

ಮಧ್ಯಾಹ್ನ ಬೇವಿನ ನೆರಳಿಗೆ ಗಂಟು ಬಿಚ್ಚಿದರು. ಕಡಕ ರೊಟ್ಟಿ, ಹಪ್ಪಳದಂಥವು. ಪೆಟ್ಟಿಗೆಯ ಗುದ್ದಿಗೆ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಎಲ್ಲ ಗಂಟಿನಲ್ಲೂ ಹುಡಿ, ಹುಡಿಯೊಳಗೆ ಶೇಂಗಾ ಚಟ್ನಿ ಕಲೆತು ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಸಿದ್ದಲಿಂಗವ್ವ ಮೊಸರು ಸುರಿದುಕೊಂಡು, ಕಲಸಿ, ಒಂದು ತುತ್ತು ತಿಂದಳು.

"ರೊಟ್ಟಿ ಕುಟ್ಟೂದ ಬ್ಯಾಡ, ತಾನ ಮುಟಗಿ ಆಗೇತಿ," ಅಂದಳು. "ಬಳ್ಳೊಳ್ಳಿ ಒಂದ ಕಡಿಮಿ."

ಪೆಟ್ಟಿಗೆ ಕಿತ್ತು ಒಗೆ ಅಂದರು ಸಾವ್ಕಾರರು. ಹೆಂಗಸರು ಒಪ್ಪಲಿಲ್ಲ. ಹಂಗಾದರೆ ಗಂಟು ಉಡಿಯಲ್ಲಿಟ್ಟುಕೊಳ್ಳಿರಿ ಅಂದರು ಸಾವ್ಕಾರರು. ಒಬ್ಬರ ಮೇಲೊಬ್ಬರು ಕೂಡುವ ಗಾಡಿಯಲ್ಲಿ ಉಡಿ ಎಲ್ಲಿಂದ ತರಬೇಕು ಅಂತ ಒಬ್ಬಾಕೆ ಕೇಳಿದಳು. ಪೆಟ್ಟಿಗೆಯನ್ನೇ ಗಾಡಿಯ ತೆರೆದ ಹಿಂಬದಿಗೆ ಇಡೋಣವೆಂದರೆ ಮಳೆ. ಸಂಜೆ ಇಳಿಯುವಾಗ ಸಿದ್ದಲಿಂಗವ್ವ ನೀಲಪ್ಪನಿಗೆ ಹೇಳಿದಳು: "ಹಾಡೂ ಬೇಕು, ರೊಟ್ಟೀನೂ ಬೇಕು. ಆಗಂಗಿಲ್ಲಂದ್ರ ಸುಭಾಸ ಅದಾನ."

ನೀಲಪ್ಪ ಗಾಡಿಯಲ್ಲಿ ಕೂತು ವಿಚಾರ ಮಾಡಿದ. ಸುಗ್ಗಿಯ ಬಾಡಿಗೆಯೆಲ್ಲ ಸಾವ್ಕಾರರ ಕೈಯಲ್ಲಿತ್ತು. ಆದರೆ ಹೆಂಗಸರಿಲ್ಲದೆ ಸಾವ್ಕಾರರ ಸೋಯಾ ಹೊಲವೂ ಕಸದ ಕೈಯಲ್ಲಿತ್ತು. ಪಾನಾ ತಗೊಂಡು ಬೋಲ್ಟ್ ಬಿಚ್ಚಿದ.

ಮುಂಜಾನೆ ಸಾವ್ಕಾರರು ತಮ್ಮ ರೊಟ್ಟಿ ಗಂಟು ಹಿಡಿದು ಬಂದು ಬಾಗಿಲು ತೆರೆದರೆ, ಅವರ ಸೀಟಿನಲ್ಲಿ ಪೆಟ್ಟಿಗೆ ಕೂತಿತ್ತು. ಬಸವಣ್ಣೆಪ್ಪ ಕೊಯ್ದ ಓರೆ ಬೆನ್ನು ಸೀಟಿಗೆ ಆನಿಸಿಕೊಂಡು, ಬೆಲ್ಟು ಹಾಕಿಕೊಂಡು, ಥೇಟು ಅವರು ಕೂಡುವ ಹಾಗೆಯೇ. ಸ್ಪಂಜಿನ ಮೇಲೆ ಕೂತದ್ದರಿಂದ ಗುದ್ದು ಹಿಂದಿನ ತಗಡಿಗೆ ಮುಟ್ಟುತ್ತಿರಲಿಲ್ಲ.

"ನಾ ಎಲ್ಲಿ ಕುಂದರಲಿ?" ಅಂದರು ಸಾವ್ಕಾರರು.

"ಹಿಂದ ಜಾಗಾ ಐತ್ರಿ."

ಸಾವ್ಕಾರರು ಪೆಟ್ಟಿಗೆಯನ್ನು ನೋಡಿದರು, ಮುಗಿಲು ನೋಡಿದರು. ಹೊಲದಲ್ಲಿ ಕಸ ಸೋಯಾಕ್ಕಿಂತ ಎತ್ತರ ಎದ್ದಿತ್ತು. ಟಾವೆಲ್ಲು ಹೆಗಲಿಗೆ ಬಿಗಿದುಕೊಂಡು ಹಿಂದಕ್ಕೆ ನಡೆದರು. ಸಿದ್ದಲಿಂಗವ್ವ ಕುರಪಿ ಬದಿಗಿಟ್ಟು, ಕೈ ಕೊಟ್ಟು ಎಳೆದುಕೊಂಡಳು.

ನೀಲಪ್ಪ ತನ್ನ ಸೀಟು ಮಡಚಿ ಒಂದೊಂದೇ ಗಂಟು ಒಟ್ಟಿದ. ಆಮೇಲೆ ಹಿಂದೆ ಬಂದು ಕೈ ಚಾಚಿದ.

"ಸಾವ್ಕಾರ್ರ, ನಿಮ್ಮ ಗಂಟ ಕೊಡ್ರಿ. ಅದಕ್ಕ ಮುಂದ ಜಾಗಾ ಐತಿ."

ಮಧ್ಯಾಹ್ನ ಬಿಚ್ಚಿದಾಗ ಎಲ್ಲರ ರೊಟ್ಟಿಗಳೂ ದುಂಡಗಿದ್ದವು. ಸಾವ್ಕಾರರವೂ.