ಅವಳ ಐಡಿಗೆ ಮುಯ್ಯಾಳು

ಮನೆಯಲ್ಲೇ ಕೂತು ಮಾಡುವ ಕೆಲಸ ಎಂದರೆ ಪಾಂಡವಪುರದ ಹತ್ತಿರದ ನಮ್ಮ ತೊಣ್ಣೂರಿನ ಕಡೆಯವರಿಗೆ ಅದು ಕೆಲಸವೇ ಅಲ್ಲ. "ಬೆಳಿಗ್ಗಿಂದ ಅದೇನ್ ಪಟ ನೋಡ್ತಾ ಕೂತಿದ್ದೀಯವ್ವ?" ಎಂದು ನಮ್ಮತ್ತೆ ಕೇಳುತ್ತಲೇ ಇರುತ್ತಾರೆ. ನೋಡುವುದು ಪಟವೇ. ಯಾವುದೋ ದೇಶದ ರಸ್ತೆಯ ಫೋಟೊ ಬರುತ್ತದೆ. ಅದರಲ್ಲಿರುವ ಒಂದೊಂದು ಕಾರಿಗೂ, ಸೈಕಲ್ಲಿಗೂ, ಮನುಷ್ಯನಿಗೂ ಮೌಸ್ ಹಿಡಿದು ಸುತ್ತ ಚೌಕ ಎಳೆಯಬೇಕು. ಡ್ರೈವರಿಲ್ಲದೆ ಓಡುವ ಕಾರಿಗೆ ಕಣ್ಣು ಕೊಡುವ ಕೆಲಸವಂತೆ. ನಮ್ಮ ಕಣ್ಣು ಹೋಯಿತು, ಅದು ಬೇರೆ ಮಾತು. ಚೌಕ ಕೂದಲೆಳೆಯಷ್ಟು ಆಚೆ ಸರಿದರೂ ಫೋಟೊ ವಾಪಸ್ಸು, ಅದಕ್ಕೆ ಕಾಸಿಲ್ಲ. ಫೋಟೊ ಹೆಚ್ಚುತ್ತಾ ಹೋಯಿತು, ದರ ಇಳಿಯುತ್ತಾ ಬಂತು. ಯಾರನ್ನು ಕೇಳೋಣ?

ನಮ್ಮ ಗುಂಪಿನಲ್ಲಿ ನಾಲ್ವರು ಹೆಂಗಸರು. ನಾನು, ಶ್ರೀರಂಗಪಟ್ಟಣದ ಗಂಜಾಂನವಳೊಬ್ಬಳು, ಕೆ.ಆರ್. ಪೇಟೆ ಕಡೆಯವಳೊಬ್ಬಳು, ಎಲ್ಲರಿಗಿಂತ ಚಿಕ್ಕವಳು ನಾಗಮಂಗಲದ ಹುಡುಗಿ. ಒಬ್ಬರನ್ನೊಬ್ಬರು ಎದುರಿಗೆ ನೋಡಿದ್ದೇ ಇಲ್ಲ. ಆದರೂ ಯಾರ ಮನೆಯಲ್ಲಿ ಏನು ಸಾರು ಎನ್ನುವುದು ಎಲ್ಲರಿಗೂ ಗೊತ್ತಿರುತ್ತಿತ್ತು.

ಆ ಹುಡುಗಿ ಬಸುರಾಗಿ ಏಳು ತಿಂಗಳಾದಾಗ ಡಾಕ್ಟರು ಮಲಗೇ ಇರಬೇಕು, ಹೆಚ್ಚು ಹೊತ್ತು ಕೂರಲೇಬಾರದು ಎಂದರು. ನಮಗೆ ರಜೆ ಎಂಬುದಿಲ್ಲ. ಒಂದು ವಾರ ಕೆಲಸ ಮಾಡದಿದ್ದರೆ ಕಂಪನಿ ಕೊಟ್ಟ ಲಾಗಿನ್ ಐಡಿ ತಾನಾಗಿಯೇ ಮುಚ್ಚಿಹೋಗುತ್ತದೆ. ಅವಳು ಫೋನಿನಲ್ಲಿ ಅತ್ತಳು. "ಈ ಕೆಲ್ಸ ಒಂದ್ ಓಯ್ತು ಅಂದ್ರೆ ಸೋಪಿಗೂ ನಮ್ಮನೇವ್ರ ಮುಂದೆ ಕೈ ಚಾಚ್ಬೇಕು ಕಣಕ್ಕ. ಎರ್ಗೆ ಆಗೋಗಂಟ ಎಂಗಾದ್ರೂ ಉಳ್ಕೊಂಡ್ರೆ ಸಾಕು."

"ಅಳಬ್ಯಾಡ ಸುಮ್ಕಿರು," ಎಂದೆ. "ನಾಟಿ ಟೈಮಲ್ಲಿ ಒಬ್ರಿಗೆ ಆಗ್ದಿದ್ರೆ ಇನ್ನೊಬ್ರು ಓಗಿ ಮಾಡಲ್ವಾ? ಅಂಗೇ ಇದೂನೂವೆ. ಪಾಸ್‌ವರ್ಡ್ ಕೊಡು."

ನಮ್ಮ ಕಡೆ ಅದಕ್ಕೆ ಮುಯ್ಯಾಳು ಎನ್ನುತ್ತೇವೆ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನಮ್ಮ ಗದ್ದೆಗೆ ನೀವು, ಕೂಲಿಯ ಮಾತಿಲ್ಲ. ಇದನ್ನು ತಪ್ಪೆಂದುಕೊಳ್ಳುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ, ಬರುವುದಾದರೂ ಎಲ್ಲಿಂದ? ನಮ್ಮ ನಮ್ಮ ಪಾಲು ಮುಗಿಸಿ, ಮೂವರೂ ಸರದಿಯ ಮೇಲೆ ಅವಳ ಐಡಿಯಲ್ಲಿ ಚೌಕ ಎಳೆದೆವು. ಬೆನ್ನು ಬಿದ್ದುಹೋಗುತ್ತಿತ್ತು. ಆದರೂ ಆ ದಿನಗಳಲ್ಲಿ ಏನೋ ಒಂದು ಹುರುಪಿತ್ತು.

ತಿಂಗಳು ಮುಗಿಯುವ ಮುಂಚೆ ಬೆಂಗಳೂರಿನಿಂದ ಮ್ಯಾನೇಜರಮ್ಮ ನಾಲ್ವರನ್ನೂ ಒಟ್ಟಿಗೆ ವಿಡಿಯೊ ಕಾಲಿಗೆ ಕರೆದರು. ಬಹಳ ನಯವಾದ ಹೆಂಗಸು, ಒಂದು ಸಲವೂ ದನಿ ಏರಿಸಲಿಲ್ಲ. ನಾಗಮಂಗಲದ ಐಡಿ ಬೆಳಿಗ್ಗೆ ಪಾಂಡವಪುರದಲ್ಲಿ, ಸಂಜೆ ಶ್ರೀರಂಗಪಟ್ಟಣದಲ್ಲಿ ಹೇಗೆ ತೆರೆದುಕೊಳ್ಳುತ್ತದೆ ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಅವಳು ಬಸುರಿ, ಮಲಗಿದ್ದಾಳೆ, ಪಾಸ್‌ವರ್ಡ್ ಕೇಳಿದವಳು ನಾನು, ತೆಗೆಯುವುದಾದರೆ ನನ್ನನ್ನು ತೆಗೆಯಿರಿ ಎಂದೆ.

"ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ ಮೇಡಂ. ಆದರೆ ಪಾಸ್‌ವರ್ಡ್ ಯಾರದೋ ಅವರೇ ಜವಾಬ್ದಾರಿ. ನನ್ನ ಕೈಲಿ ಏನೂ ಇಲ್ಲ," ಎಂದರು.

ಅರ್ಥ ಆಗುತ್ತಂತೆ! ಅವಳ ಐಡಿ ಅವತ್ತೇ ಮುಚ್ಚಿತು. ಮೋಸದ ಕೆಲಸ ಎಂದು ಆ ತಿಂಗಳ ಸಂಬಳವನ್ನೂ ಹಿಡಿದರು; ಅವಳು ಮಲಗುವ ಮುಂಚೆ ತಾನೇ ಕೂತು ಮಾಡಿದ್ದೂ ಅದರಲ್ಲೇ ಹೋಯಿತು. ನಾವು ಕೈ ಹಾಕದೆ ಇದ್ದಿದ್ದರೆ ಅಷ್ಟಾದರೂ ಸಿಗುತ್ತಿತ್ತು. ದಿಂಬಿಗೊರಗಿದ್ದ ಅವಳ ಮುಖ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು.

ಕೆಲವು ದಿನ ಬಿಟ್ಟು ಫೋನ್ ಮಾಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

"ಓಗ್ಲಿ ಬುಡಕ್ಕ, ನನ್ ಅಣೆಬರ. ನಿಮ್ಗೇನೂ ತೊಂದ್ರೆ ಆಗ್ನಿಲ್ವಲ್ಲ?" ಎಂದಳು. ಆಮೇಲೆ, "ಅಕ್ಕ, ಫೋಟೊ ಇನ್ನೂ ಬತ್ತಾವ? ಎರ್ಗೆ ಆದ್ಮೇಲೆ ಒಸ ಐಡಿ ಕೇಳಾನ ಅಂತ," ಎಂದಳು.

ಒಂದು ಸಲ ತೆಗೆದವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬ ಮೆಸೇಜು ನಮಗೆ ಆಗಲೇ ಬಂದಿತ್ತು. ಅದರ ಜೊತೆಯಲ್ಲೇ ಅವಳ ಪಾಲಿನ ಫೋಟೊಗಳನ್ನೂ ನಮ್ಮ ಮೂವರಿಗೆ ಹಂಚಿದ್ದರು.

"ಬತ್ತಾವೆ ಕಣವ್ವ," ಎಂದೆ. "ನೀನ್ ಮೊದ್ಲು ಸುಕವಾಗಿ ಎರ್ಗೆ ಮಾಡ್ಕೊ."

ಫೋನಿಟ್ಟು ಅವಳ ಪಾಲಿನ ಮುಂದಿನ ಫೋಟೊ ತೆರೆದೆ. ಈಗ ಅದರ ಕಾಸು ನನಗೇ ಬರುತ್ತದೆ.