ಸೆರಗು ತಿಂದ ಆನೆ

ಉಪ್ಪಳದಲ್ಲಿ ನಮಗೊಬ್ಬರು ಟೈಲರ್ ಬಾಯಮ್ಮ ಇದ್ದರು. ಬಟ್ಟೆಯಲ್ಲಿ ಚಿತ್ರ ಕತ್ತರಿಸಿ, ಹೊದಿಕೆಯ ಮೇಲಿಟ್ಟು, ಅಂಚಿಗೆ ಒತ್ತಾಗಿ ಜಿಗ್‌ಜಾಗ್ ಹೊಲಿಗೆ ಹಾಕುವುದರಲ್ಲಿ ಎತ್ತಿದ ಕೈ. "ತಿರುವಿನಲ್ಲಿ ಸೂಜಿ ಕೆಳಗೇ ಇರ್ಬೇಕು, ಬಟ್ಟೆ ತಿರುಗ್ಬೇಕು" ಎಂದು ಮಷಿನಿಗೇ ಪಾಠ ಹೇಳುತ್ತಿದ್ದರು.

ನನ್ನ ತಂಗಿ ಮಗುವಿನ ಜೊತೆ ದುಬೈಗೆ ಹೊರಟ ದಿನ, ಅಲ್ಲಿನ ಎಸಿ ಚಳಿಗೆಂದು ಮಗುವಿಗೆ ಹೊಲಿಯಲು ಕೊಟ್ಟಿದ್ದ ಹೊದಿಕೆ ತರಲು ಹೋದೆ. ಅದರ ಮೇಲಿನ ಆನೆಗೆ ಸೊಂಡಿಲು ಇನ್ನೂ ಬಾಕಿ. ಹೊರಗೆ ಕಾರು ಕಾಯುತ್ತಿತ್ತು.

"ಇದು ಹಂದಿಯ ಹಾಗೆ ಉಂಟಲ್ಲ ಬಾಯಮ್ಮ?" ಎಂದೆ.

"ಎಂತ ಹಂದಿ? ಸೊಂಡಿಲು ಬರ್ಲಿ ಮಾರಾಯ್ತಿ!" ಎಂದು ನನ್ನನ್ನೇ ದುರುಗುಟ್ಟಿ ನೋಡುತ್ತ ಹೊಲಿದರು. ಮುಗಿಸಿ ಎದ್ದರೆ ಹೊದಿಕೆಯೂ ಜೊತೆಗೇ ಎದ್ದಿತು. ಅವರ ಹೊಸ ಸೀರೆಯ ಸೆರಗಿನ ಮೂಲೆ ಸೊಂಡಿಲಿಗೆ ಸೇರಿ ಹೊಲಿದುಹೋಗಿತ್ತು.

ಬಿಚ್ಚುತ್ತ ಕೂತರೆ ವಿಮಾನ ತಪ್ಪುವುದು ಖಂಡಿತ. ಹಾರ್ನ್ ಕೇಳಿದ್ದೇ ಅವರು ಸೆರಗಿಗೇ ಕತ್ತರಿ ಹಾಕಿದರು. ಸೊಂಡಿಲಲ್ಲಿ ಉಳಿದ ಹಸಿರು ತುಂಡನ್ನು ಎಲೆಯ ಆಕಾರಕ್ಕೆ ಕತ್ತರಿಸಿ, ಸುತ್ತ ಹೊಲಿದು, "ಹಸಿವೆ ಪಾಪ, ತಿನ್ಲಿ" ಎಂದರು.

ಭಾನುವಾರ ಅದೇ ಸೀರೆಯುಟ್ಟು ಇಗರ್ಜಿಯ ಪೂಜೆ ಮುಗಿಸಿ ಬಂದರು. ಕತ್ತರಿಸಿದ ಮೂಲೆಯಲ್ಲಿ ಪುಟ್ಟ ಆನೆಯೊಂದು ಕೂತಿತ್ತು.

"ಸೀರೆ ಹಾಳಾಯ್ತಲ್ಲ ಬಾಯಮ್ಮ" ಎಂದೆ.

"ಎಂತ ಹಾಳು? ಇಗರ್ಜಿಯಲ್ಲಿ ಎಲ್ಲರಿಗೂ ಇಂಥ ಆನೆಯೇ ಬೇಕಂತೆ. ಅವರ ಸೆರಗೆಲ್ಲ ಸರಿಯಾಗೇ ಉಂಟು, ಎಲ್ಲಿ ಕತ್ತರಿಸುವುದು ಅಂತ ನೋಡ್ತಾ ಇದ್ದೇನೆ!"