ಹೇಳಿ ಮುಗಿಸಲಿ ಎನ್ನುತ್ತಿದ್ದ ಲಿಲ್ಲಿ ಟೀಚರ್

ಲಿಲ್ಲಿ ಟೀಚರ್ ಗಂಟಲು ಏರಿಸಿದ್ದನ್ನು ನಾನು ಕಂಡಿಲ್ಲ. ಮಕ್ಕಳು ಗಲಾಟೆ ಮಾಡಿದಷ್ಟೂ ಅವರ ದನಿ ಸಣ್ಣದಾಗುತ್ತಿತ್ತು. ಏನೋ ತಪ್ಪಿಹೋಗುತ್ತಿದೆ ಎಂದು ಕೊನೆಗೆ ಮಕ್ಕಳೇ ಗಾಬರಿಯಾಗಿ ಸುಮ್ಮನಾಗುತ್ತಿದ್ದರು.

ಉಡುಪಿ ಕಡೆಯ ಕೊಂಕಣಿಯವರು. ಮಸ್ಕತ್ತಿನಲ್ಲಿ ಆಫೀಸು ಕೆಲಸ. ಶುಕ್ರವಾರ ಅಲ್ ಅಮೇರಾತಿನ ತಮ್ಮ ಮನೆಯ ಹಾಲಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಪಾಠ. ಪಾಠವೆನ್ನುವುದು ಹೆಸರಿಗೆ. ಅಲ್ಲಿ ಯಾವ ಮಗುವೂ ತನ್ನ ಮಾತು ಶುರು ಮಾಡುವ ಮೊದಲು ಹಿಂದಿನ ಮಗು ಹೇಳಿದ್ದನ್ನು ಹೇಳಬೇಕು. "ಮೊದಲು ಅವಳದ್ದು ಹೇಳು, ಮತ್ತೆ ನಿಂದು" ಎನ್ನುತ್ತಿದ್ದರು. ನನ್ನ ಮಗಳು ಅಕ್ಷರ ಕಲಿಯುವುದು ಯಾವಾಗ ಮಾರಾಯ್ರೆ ಎಂದು ನನಗೆ ಮೈ ಉರಿಯುತ್ತಿತ್ತು. ಕೇಳಿಯೂ ಬಿಟ್ಟೆ. ನನ್ನ ಮಾತು ಪೂರ್ತಿ ಮುಗಿಯುವವರೆಗೆ ಕಾದು, "ಕೇಳ್ಲಿಕ್ಕೆ ಬಂದ್ರೆ ಅಕ್ಷರ ಬರ್ತದೆ" ಎಂದು ಚಹಾ ತರಲು ಎದ್ದುಹೋದರು.

ನಮ್ಮನ್ನೆಲ್ಲ ನಾವಿರುವ ವಾದಿ ಕಬೀರಿನಿಂದ ವ್ಯಾನಿನಲ್ಲಿ ಕರೆತರುತ್ತಿದ್ದವರು ಹಮೀದಾಕ, ಅಲ್ಲಿ ಗ್ಯಾರೇಜು ಇಟ್ಟಿರುವ ಬ್ಯಾರಿಗಳು. ಅವರ ಮಗಳು ಶಮಾ ಎರಡನೇ ಕ್ಲಾಸು, ಮಾತು ಉಗ್ಗುತ್ತಿತ್ತು. ಅವಳು ಬಾಯಿ ತೆರೆದರೆ ಸಾಕು, ಪಾಪ, ಅಪ್ಪನೇ ಮುದ್ದಿನಿಂದ ಅವಳ ಮಾತು ಮುಗಿಸಿಬಿಡುತ್ತಿದ್ದರು. ಟೀಚರ ಹಾಲಿನಲ್ಲಿ ಮಾತ್ರ ಯಾರೂ ಹಾಗೆ ಮಾಡುವಂತಿರಲಿಲ್ಲ. ಶಮಾ ಒಂದು ಪದದಲ್ಲಿ ಸಿಕ್ಕಿಕೊಂಡರೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯಬೇಕು. ನನಗಂತೂ ಎದ್ದು ಓಡಿಹೋಗೋಣ ಅನ್ನಿಸುತ್ತಿತ್ತು.

ಹೋದ ವರ್ಷ ಒಂದು ಶುಕ್ರವಾರ ಕ್ಲಾಸು ಮುಗಿಸಿ ಹೊರಟೆವು. ಟೀಚರಿಗೂ ಮತ್ರಾ ಪೇಟೆಗೆ ಹೋಗಲಿಕ್ಕಿತ್ತು, ಮುಂದೆ ಕೂತಿದ್ದರು. ದೂರದ ಬೆಟ್ಟದ ಮೇಲೆ ಕಪ್ಪು ಮೋಡ, ನಮ್ಮ ಮೇಲೆ ನಾಲ್ಕು ಹನಿ. ರಸ್ತೆಯು ಒಣ ಹೊಳೆಯಂಥ ವಾದಿಯೊಂದನ್ನು ದಾಟುವಲ್ಲಿ ಪಾದ ಮುಳುಗುವಷ್ಟು ನೀರು. ಅಷ್ಟು ಕಂಡರೂ ಇಲ್ಲಿಯವರು ನಿಲ್ಲುತ್ತಾರೆ. ಪಕ್ಕದಲ್ಲಿ ಒಂದು ಕಾರು ನಿಂತೇ ಇತ್ತು. ನಾವೋ, ಮಂಗಳೂರಿನ ಮಳೆ ಕಂಡವರು! ಇದೆಂಥ ನೀರು, ಯಲ್ಲಾ, ಹೋಗುವ ಎಂದು ಹಮೀದಾಕ ಗೇರು ಹಾಕಿದರು. ನಾನೂ ಹೂಂಗುಟ್ಟಿದೆ. ಮಕ್ಕಳು ಖುಷಿಯಲ್ಲಿ ಕಿರುಚುತ್ತಿದ್ದರು.

ಹಿಂದಿನ ಸೀಟಿನಿಂದ ಶಮಾ, "ಅ… ಅಲ್ಲಿ…" ಎಂದಳು.

ನೀರು ಮಗಳೇ, ನೀರು ಎಂದು ಅಪ್ಪ ಅವಳ ಮಾತು ಮುಗಿಸಿ ವ್ಯಾನನ್ನು ಮುಂದೆ ಬಿಟ್ಟರು.

ಟೀಚರ್ ಹಮೀದಾಕನ ತೋಳು ಹಿಡಿದರು. "ನಿಲ್ಸಿ ಹಮೀದಾಕ. ಅವಳು ಹೇಳಿ ಮುಗಿಸ್ಲಿ."

ವ್ಯಾನು ನೀರಿನ ಅಂಚಿನಲ್ಲಿ ನಿಂತಿತು. ಮಕ್ಕಳು ಅಭ್ಯಾಸಬಲದಿಂದ ಗಪ್‌ಚಿಪ್. ಶಮಾ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ ಒಂದೇ ಅಕ್ಷರದಲ್ಲಿ ಒದ್ದಾಡುತ್ತಿದ್ದಳು. ನಾನು ಬೇಗ ಹೇಳು ತಾಯಿ ಎನ್ನಲು ಹೊರಟವಳು, ಟೀಚರ್ ತಿರುಗಿ ನೋಡಿದ್ದೇ ಬಾಯಿ ಮುಚ್ಚಿಕೊಂಡೆ.

"ಅಲ್ಲಿ ಮೇಲೆ… ಕ… ಕಲ್ಲು ಉರುಳ್ತಾ ಉಂಟು."

ಆಗ ಆ ಸದ್ದು ನಮಗೂ ಕೇಳಿಸಿತು. ಹಮೀದಾಕ ರಿವರ್ಸ್ ಹಾಕಿ ಏರಿಗೆ ಬಂದರೋ ಇಲ್ಲವೋ, ಕಂದು ನೀರು ಬಂಡೆಗಳನ್ನು ಹೊತ್ತುಕೊಂಡು ರಸ್ತೆಯನ್ನೇ ನುಂಗಿತು. ಹಮೀದಾಕ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು.

ಈ ಬೇಸಗೆಯಲ್ಲಿ ಟೀಚರ್ ಕೆಲಸ ಬಿಟ್ಟು ಊರಿಗೆ ಹೊರಟರು. ಏರ್‌ಪೋರ್ಟಿನ ಬಾಗಿಲಲ್ಲಿ ಶಮಾ ಎದುರು ನಿಂತು ಏನೋ ಹೇಳಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಳು. ಟೀಚರ್ ಟ್ರಾಲಿ ಬಿಟ್ಟು ಕುಕ್ಕರುಗಾಲಲ್ಲಿ ಕೂತರು. ಹಿಂದಿದ್ದವರು ದಾರಿ ಬಿಡಿ ಎಂದು ಗೊಣಗಿದರೂ ಏಳಲಿಲ್ಲ.

"ನೀವು ಹೋದ್ರೆ… ನನ್ನ ಮಾತು ಯಾ… ಯಾರು ಕೇಳುದು?"

ಟೀಚರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹಮೀದಾಕ ಮಗಳ ಪಕ್ಕದಲ್ಲಿ ಮಂಡಿಯೂರಿದರು.

"ನಾನುಂಟಲ್ಲ ಮಗಳೇ. ನೀನು ಹೇಳು, ನಾನು ನಡುವೆ ಬರುದಿಲ್ಲ."

ಶಮಾ ಅಪ್ಪನ ಕಡೆ ತಿರುಗಿ ಹೇಳತೊಡಗಿದಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ಟೀಚರ್ ಒಳಗೆ ಹೋಗಿ ಆಗಿತ್ತು.